‘ಯಾಕ’ ಬಿಟ್ಟು ‘ಹ್ಯಾಂಗ’ ಎಂದು ಕೇಳಿದ ಮೇಲೆ

ಮೂವತ್ತಕ್ಕೆ ಎರಡು ಕಡಿಮೆ. ಅಷ್ಟು ವರ್ಷ ನಾನು ಹುಮನಾಬಾದ್ ಮತ್ತು ಬಸವಕಲ್ಯಾಣದ ಹೈಸ್ಕೂಲುಗಳಲ್ಲಿ ಗಣಿತ ಕಲಿಸಿದೆ. ಕಲಿಸಿದೆ ಎನ್ನುವುದು ಸರ್ವಿಸ್ ಪುಸ್ತಕದ ಮಾತು. ಖರೆ ಹೇಳಬೇಕೆಂದರೆ ಅಷ್ಟೂ ವರ್ಷ ನಾನು ಒಂದೇ ವಿಷಯ ಕಲಿಯುತ್ತಿದ್ದೆ: ಹದಿನೈದು ವರ್ಷದ ಹುಡುಗನೋ ಹುಡುಗಿಯೋ ಒಂದು ನಿರ್ಧಾರಕ್ಕೆ ಬರುವುದು ಹೇಗೆ? ಈಗಲೂ ಯಾರಾದರೂ ಈ ಮಾತು ತೆಗೆದರೆ ನನಗೆ ಕುರ್ಚಿಯಲ್ಲಿ ಕೂರಲು ಆಗುವುದಿಲ್ಲ. ಎದ್ದು ಓಡಾಡುತ್ತ ಮಾತಾಡುತ್ತೇನೆ. ನನ್ನ ಹೆಂಡತಿ, ‘ಶುರುವಾಯ್ತು ಇವರ ಕ್ಲಾಸು’ ಎಂದು ಒಳಗೆ ಹೋಗುತ್ತಾಳೆ. ಆದ್ದರಿಂದ ಬರೆಯುತ್ತಿದ್ದೇನೆ. ಹೊಸದಾಗಿ ಹೈಸ್ಕೂಲಿಗೆ ಸೇರುವವರು ಓದಲಿ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎಂಬುದರಿಂದ ಅವರಿಗೆ ಏನೂ ಉಪಯೋಗವಿಲ್ಲ. ನಾನು ಎಲ್ಲಿ ಎಡವಿದೆ ಎಂಬುದರಿಂದ ಇದೆ.

ನನ್ನ ಊರು ಕೊಹಿನೂರ. ಅಪ್ಪ ಎರಡು ಎತ್ತಿನ ರೈತ, ಅವ್ವ ಅಕ್ಷರ ಕಂಡವಳಲ್ಲ. ನಮ್ಮ ಮನೆತನದಲ್ಲಷ್ಟೇ ಅಲ್ಲ, ನಮ್ಮ ಓಣಿಯಲ್ಲೇ ಡಿಗ್ರಿ ಪಡೆದ ಮೊದಲಿಗ ನಾನು. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವನು, ಹೈದರಾಬಾದಿನಲ್ಲಿ ಒಂದು ಕೋಣೆಗೆ ಆರು ಜನ ಇದ್ದು ಬಿ.ಎಸ್ಸಿ. ಮುಗಿಸಿದವನು. ರಾಜ್ಯ ಒಂದಾಗಿ, ಶಾಲೆಗಳು ಕನ್ನಡಕ್ಕೆ ಹೊರಳಿದಾಗ ನನಗೆ ಹುಮನಾಬಾದಿನಲ್ಲಿ ನೌಕರಿ ಸಿಕ್ಕಿತು. ತ್ರಿಕೋನಕ್ಕೆ ‘ಮುಸಲ್ಲಸ್’ ಎಂದು ಕಲಿತಿದ್ದ ನಾನು, ಪಾಠದ ಹಿಂದಿನ ದಿನ ಕನ್ನಡ ಪದಗಳನ್ನು ಕೈಮೇಲೆ ಬರೆದುಕೊಂಡು ಕ್ಲಾಸಿಗೆ ಹೋಗುತ್ತಿದ್ದೆ. ಬೆವರಿಗೆ ಅಳಿಸಿಹೋದ ದಿನ ಮತ್ತೆ ಮುಸಲ್ಲಸ್. ಹುಡುಗರು ನಗುತ್ತಿದ್ದರು. ನಕ್ಕರೆ ನಗಲಿ, ಡಿಗ್ರಿ ನನ್ನದು! ಮೊದಲ ಸೈಕಲ್ ಕೊಂಡಾಗ ಅದರ ಚೈನ್ ಕವರಿನ ಮೇಲೆ ಪೇಂಟರನಿಂದ ‘ಬಿ.ಎಸ್ಸಿ.’ ಎಂದು ಬರೆಸಿದೆ. ಬರೀ ಅಷ್ಟೇ, ಹೆಸರಿಲ್ಲ. ಊರಿಗೆಲ್ಲ ನಾನು ‘ಬಿ.ಎಸ್ಸಿ. ಸರ್’ ಆದೆ. ಈಗ ನೆನೆದರೆ ನಗು ಬರುತ್ತದೆ, ನಾಚಿಕೆ ಬರುವುದಿಲ್ಲ.

ಆ ಶಾಲೆಯಲ್ಲಿ ಒಂದು ‘ಜವಾಬು ಪುಸ್ತಕ’ ಇತ್ತು. ಗೈರುಹಾಜರಾದವರು, ತಡವಾಗಿ ಬಂದವರು, ಜಗಳ ಮಾಡಿದವರು ಅದರಲ್ಲಿ ಕಾರಣ ಬರೆಯಬೇಕು. ನಾನು ಕ್ಲಾಸ್ ಟೀಚರ್ ಆದ ಮೊದಲ ವಾರವೇ ಒಬ್ಬ ಹುಡುಗ ‘ಅಕ್ಕನ ಬಾಣಂತನ’ ಎಂದು ಬರೆದ. ಕೆಳಗಿನ ಸಾಲಿನಲ್ಲಿ ಅವನ ಗೆಳೆಯನೂ ಅದನ್ನೇ ಬರೆದ.

‘ನಿನಗ ಅಕ್ಕನೇ ಇಲ್ಲಲ್ಲೋ?’

‘ಇವನ ಅಕ್ಕಂದು ರಿ ಸರ್ರ. ಇಂವ ಹೊಂಟ, ನಾನೂ ಹೋದೆ.’

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಇಬ್ಬರಿಗೂ ಎರಡೆರಡು ಏಟು ಹಾಕಿದೆ. ಇಡೀ ಜವಾಬು ಪುಸ್ತಕದಲ್ಲಿ ಖರೆ ಮಾತು ಅದೊಂದೇ ಎಂದು ನನಗೆ ಆಗ ಹೊಳೆಯಲಿಲ್ಲ. ‘ಇಂವ ಹೊಂಟ, ನಾನೂ ಹೋದೆ.’ ಹದಿನೈದರ ವಯಸ್ಸಿನ ಮನಶ್ಶಾಸ್ತ್ರ ಅರ್ಧಕ್ಕರ್ಧ ಅಲ್ಲೇ ಇತ್ತು! ಬಿ.ಇಡಿ.ಯಲ್ಲಿ ನಾನು ಇಂಗ್ಲಿಷ್ ನೋಟ್ಸು ಬಾಯಿಪಾಠ ಮಾಡಿ ಪಾಸಾದ ಮನಶ್ಶಾಸ್ತ್ರದಲ್ಲಿ ಅದು ಇರಲಿಲ್ಲ, ಅಥವಾ ಇದ್ದರೂ ನನಗೆ ಗುರುತು ಸಿಗಲಿಲ್ಲ.

ಆ ಕ್ಲಾಸಿನಲ್ಲಿ ಗುಂಡಪ್ಪ ಎಂಬ ಹುಡುಗನಿದ್ದ. ಗಣಿತದಲ್ಲಿ ಬೆಂಕಿ. ನಾನು ಬೋರ್ಡಿನ ಮೇಲೆ ಲೆಕ್ಕ ಅರ್ಧ ಬರೆಯುವುದರೊಳಗೆ ಉತ್ತರ ಹೇಳುತ್ತಿದ್ದ. ಅಂಥವನು ಆರು ತಿಂಗಳ ಪರೀಕ್ಷೆಯಲ್ಲಿ ಗಣಿತದ ಪೇಪರು ಖಾಲಿ ಕೊಟ್ಟ. ಹೆಸರು, ನಂಬರು, ಕೆಳಗೆ ಏನೂ ಇಲ್ಲ. ನಾನು ಅವನನ್ನು ಎಲ್ಲರ ಮುಂದೆ ನಿಲ್ಲಿಸಿದೆ.

‘ಯಾಕಲೇ?’

‘ಏನಿಲ್ರಿ.’

‘ಏನಿಲ್ಲಂದ್ರ? ಬರೋದು ಬರೀಲಿಲ್ಲ, ಯಾಕ?’

‘ಏನಿಲ್ರಿ ಸರ್ರ.’

‘ಮೂರನೇ ಸಲ ಕೇಳ್ತೀನಿ. ಯಾಕ?’

ಮೂರನೇ ಸಲ ಅವನು ‘ಏನಿಲ್ರಿ’ ಎನ್ನಲೂ ಇಲ್ಲ. ನಾನು ಬೆತ್ತ ಎತ್ತಿದೆ. ಮರುದಿನ ಅವನು ಶಾಲೆಗೆ ಬರಲಿಲ್ಲ. ಒಂದು ವಾರ, ಎರಡು ವಾರ. ಬರಲೇ ಇಲ್ಲ. ಮನೆಗೆ ಹೋದೆ, ಸೋಲಾಪುರದ ಕಡೆಗೆ ಹೋದನೆಂದರು. ನನ್ನ ಕೈಯಿಂದ ಒಬ್ಬ ಗಣಿತಜ್ಞ ಹೋದ. ‘ಹುಡುಗನಿಗೆ ಸೊಕ್ಕು’ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದೆ. ಎಲ್ಲರೂ ತಲೆ ಆಡಿಸಿದರು.

ನಾಲ್ಕೈದು ವರ್ಷದ ಮೇಲೆ ಹೆದ್ದಾರಿಯ ಚಹಾದಂಗಡಿಯಲ್ಲಿ ಒಬ್ಬ ಎತ್ತರದ ತರುಣ ಬಂದು ಕಾಲು ಮುಟ್ಟಿದ. ಗುಂಡಪ್ಪ! ಲಾರಿಯಲ್ಲಿ ಕ್ಲೀನರ್ ಆಗಿ ಸೇರಿ, ಈಗ ಡ್ರೈವರ್. ಮೈತುಂಬ ಗ್ರೀಸು, ಮುಖತುಂಬ ನಗು. ‘ಚಾ ಕುಡೀರಿ ಸರ್ರ, ನಂದದ ಇವತ್ತು’ ಎಂದ. ಕುಡಿದೆವು. ನನ್ನ ಗಂಟಲಲ್ಲಿ ಅದೇ ‘ಯಾಕ’ ಕುಣಿಯುತ್ತಿತ್ತು, ಆದರೆ ಡ್ರೈವರನಾದವನನ್ನು ಹಾಗೆ ಕೇಳಲು ಬಾಯಿ ಬರಲಿಲ್ಲ. ಅದಕ್ಕೆ ಬೇರೆ ರೀತಿ ಕೇಳಿದೆ.

‘ಗುಂಡಪ್ಪಾ, ಅವತ್ತು ಹ್ಯಾಂಗಾಯ್ತಪಾ ಅದು?’

ಅಷ್ಟೇ ನೋಡಿ! ಕಟ್ಟೆ ಒಡೆದಂತೆ ಹೇಳತೊಡಗಿದ.

‘ಹೇಳ್ತೀನ್ರಿ. ನನ್ನ ಮುಂದಿನ ಬೆಂಚಿಗೆ ಬಾಬು ಕುಂತಿದ್ದ ನೋಡ್ರಿ. ಅಂವ ಪೇಪರ್ ನೋಡಿ ನನ್ನ ಕಡೆ ಹೊರಳಿದ. ನಾ ಖಾಲಿ ಕೊಡ್ತೀನಿ, ನೀ ಬರಿ ದೋಸ್ತ ಅಂದ. ಹಂಗಂದಮ್ಯಾಲ ನನ್ನ ಕೈ ನಿಂತುಬಿಡ್ತ್ರಿ. ಬರೀಬೇಕು ಅಂತೀನಿ, ಕೈ ಒಲ್ಲೆ ಅಂತದ.’

‘ಎಷ್ಟೊತ್ತು ವಿಚಾರ ಮಾಡಿದಿ?’

‘ವಿಚಾರ ಎಲ್ಲೀದ್ರಿ ಸರ್ರ? ಇಳಿಜಾರಿನ್ಯಾಗ ಗಾಡಿ ನ್ಯೂಟ್ರಲ್ ಬಿದ್ದಂಗ. ನಾ ಬರೇ ಸ್ಟೇರಿಂಗ್ ಹಿಡ್ಕೊಂಡು ಕುಂತಿದ್ದೆ.’

‘ಇದನ್ನ ಅವತ್ತೇ ಹೇಳಿದ್ರ ನಾ ಹೊಡೀತಿದ್ದಿಲ್ಲಲ್ಲೋ.’

ಅವನು ಬಶಿಯಲ್ಲಿದ್ದ ಚಹಾ ಊದಿ ಊದಿ ಕುಡಿದ. ‘ನೀವು ಯಾಕ ಅಂದ್ರಿ. ನಮ್ಮನ್ಯಾಗ ಅಪ್ಪ ಬಡಿಯೂದಕ್ಕ ಮೊದಲ ಯಾಕಲೇ ಅಂತಿದ್ದ. ಅದಕ್ಕ ಜವಾಬು ಕೊಟ್ರ ಇನ್ನೆರಡು ಜಾಸ್ತಿ. ಯಾಕ ಅಂದಕೂಡಲೇ ನಾವು ಬೆನ್ನು ಬಿಗಿ ಹಿಡೀತಿದ್ವಿ, ಬಾಯಿ ಬಿಡ್ತಿದ್ದಿಲ್ಲ.’

ನಾನು ಬೆಂಚಿನಿಂದ ಎದ್ದುಬಿಟ್ಟೆ. ಚಹಾದಂಗಡಿಯವನು ಹಾಲು ಕೆಟ್ಟಿದೆಯೇನೋ ಎಂದು ಗಾಬರಿಯಾದ. ಕೆಟ್ಟದ್ದು ಹಾಲಲ್ಲ! ನಮ್ಮ ಸೀಮೆಯಲ್ಲಿ ‘ಯಾಕ’ ಎನ್ನುವುದು ಪ್ರಶ್ನೆಯೇ ಅಲ್ಲ. ‘ಯಾಕಲೇ, ಸೊಕ್ಕು ಬಂದದೇನು?’ ‘ಯಾಕವಾ, ಕಾಲು ಸೋತಾವೇನು?’ ಅದು ಏಟಿಗಿಂತ ಮುಂಚೆ ಬರುವ ಸದ್ದು. ನಾನೂ ಅದೇ ಸದ್ದು ಕೇಳಿ ಬೆಳೆದವನು. ಆದರೆ ಮೇಜಿನ ಈಚೆ ಬಂದಕೂಡಲೇ ಮರೆತುಬಿಟ್ಟಿದ್ದೆ. ಕಾರಣ ಕೇಳುತ್ತಿದ್ದೇನೆ ಎಂದು ನಾನು ತಿಳಿದಿದ್ದೆ. ಮಕ್ಕಳು ಬೆನ್ನು ಬಿಗಿ ಹಿಡಿಯುತ್ತಿದ್ದರು. ಇನ್ನೂ ಒಂದು ಮಾತು. ಆ ವಯಸ್ಸಿನಲ್ಲಿ ಮಾಡಿದ್ದಕ್ಕೆ ಕಾರಣ ಅವರಿಗೇ ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಹೇಗೆ ಹೇಳಿಯಾರು? ಆದರೆ ಏನಾಯಿತು, ಯಾರು ಎಲ್ಲಿ ನಿಂತಿದ್ದರು, ಯಾರು ಏನಂದರು, ಇದು ಒಂದಕ್ಷರ ಬಿಡದೆ ನೆನಪಿರುತ್ತದೆ. ಅದನ್ನು ಕೇಳಿದರೆ ಕಾರಣ ತಾನೇ ಎದ್ದು ಬರುತ್ತದೆ.

ಅವತ್ತಿನಿಂದ ನನ್ನ ಬಾಯಿಂದ ‘ಯಾಕ’ ತೆಗೆದುಹಾಕಿದೆ. ಸುಲಭವಾಗಲಿಲ್ಲ. ಅಭ್ಯಾಸಬಲದಿಂದ ‘ಯಾ...’ ಎಂದು ಶುರುಮಾಡಿ, ‘ಯಾ... ಯಾರು ಯಾರು ಇದ್ರಿ? ಹ್ಯಾಂಗಾಯ್ತು?’ ಎಂದು ಹೊರಳಿಸುತ್ತಿದ್ದೆ. ಸರ್‌ಗೆ ತೊದಲು ಶುರುವಾಗಿದೆ ಎಂದು ಹುಡುಗರು ಸುದ್ದಿ ಹಬ್ಬಿಸಿದರು.

ಆಮೇಲೆ ನನಗೆ ಬಸವಕಲ್ಯಾಣಕ್ಕೆ ವರ್ಗವಾಯಿತು. ಅಲ್ಲಿ ಕೋಟೆಯ ಹತ್ತಿರ ಒಂದು ಮುರಿದ ಗೋಡೆಯಿತ್ತು. ಒಂಬತ್ತನೆಯ ಕ್ಲಾಸಿನ ಹುಡುಗನೊಬ್ಬ ಅದರ ಮೇಲಿಂದ ಜಿಗಿದು ಕೈ ಮುರಿದುಕೊಂಡ. ಮೂವರು ಗೆಳೆಯರು ಜೊತೆಗಿದ್ದರು. ಅವರೇ ಹುರಿದುಂಬಿಸಿದ್ದಾರೆಂದು ಇಡೀ ಶಾಲೆ ತೀರ್ಮಾನ ಮಾಡಿತ್ತು. ನಾನು ಹುಡುಗನ ಮನೆಗೆ ಹೋಗಿ, ಅವನ ಪಕ್ಕದಲ್ಲಿ ಕೂತು, ಶೇಂಗಾ ಸುಲಿಯುತ್ತ ಕೇಳಿದೆ. ಎದುರು ಕೂರಬಾರದು, ಪಕ್ಕದಲ್ಲಿ ಕೂರಬೇಕು. ಕೈಗೆ ಏನಾದರೂ ಕೆಲಸ ಇರಬೇಕು. ಇದೂ ನಾನು ಕಂಡುಕೊಂಡ ಮಾತು. ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಅವರು ಗಪ್ಪಾಗುತ್ತಾರೆ.

‘ನಾ ಒಬ್ಬನೇ ಮೂರು ಸಲ ಗೋಡೆ ಏರಿದ್ದೆ ರಿ’ ಎಂದ ಹುಡುಗ. ‘ಮೂರೂ ಸಲ ಅಂಜಿ ಇಳಿದು ಬಂದೆ. ನಾಕನೇ ಸಲ ಏರಿದಾಗ ಇವರು ಬಂದ್ರು.’

‘ಜಿಗಿ ಅಂತ ಯಾರಂದ್ರು?’

‘ಯಾರೂ ಏನೂ ಅನ್ಲಿಲ್ರಿ. ಸುಮ್ನ ನಿಂತು ನೋಡಾಕತ್ತಿದ್ರು. ಅದಕ್ಕ ಜಿಗಿದೆ.’

ನೋಡಿದಿರಾ! ಯಾರೂ ಏನೂ ಅನ್ನಲಿಲ್ಲ, ಅದಕ್ಕೆ ಜಿಗಿದ. ಅಪಾಯ ಅವನಿಗೆ ಗೊತ್ತಿತ್ತು, ನನಗಿಂತ ಚೆನ್ನಾಗಿ ಗೊತ್ತಿತ್ತು; ಮೂರು ಸಲ ಅಳೆದು ನೋಡಿದ್ದ. ‘ಬಿದ್ದರೆ ಕೈ ಮುರಿಯುತ್ತದೆ’ ಎಂದು ಈ ಹುಡುಗನಿಗೆ ಪಾಠ ಹೇಳಿ ಏನುಪಯೋಗ? ನಾನು ಮೂವರೂ ಗೆಳೆಯರನ್ನು ಕರೆದು ಒಂದೇ ಮಾತು ಹೇಳಿದೆ: ‘ಯಾರಾದರೂ ಗೋಡೆ ಮೇಲೆ ನಿಂತಿದ್ದರೆ ಸುಮ್ಮನೆ ನೋಡಬೇಡಿ. ಹೊರಳಿ ನಡೆದುಬಿಡಿ.’ ಅವರಿಗೆ ಅದು ಎಷ್ಟು ತಿಳಿಯಿತೋ ಗೊತ್ತಿಲ್ಲ. ನನಗಂತೂ ಹೊಸ ಪ್ರಮೇಯ ಸಿಕ್ಕಷ್ಟು ಖುಷಿಯಾಗಿತ್ತು.

ಇಷ್ಟು ಕಲಿತಮೇಲೆ ನಾನು ಪಂಡಿತನಾದೆನೇ? ಕೇಳಿ.

ಅದೇ ಶಾಲೆಯಲ್ಲಿ ಕೆಲವು ವರ್ಷದ ಮೇಲೆ, ನನ್ನ ಎಸ್ಸೆಸ್ಸೆಲ್ಸಿ ಕ್ಲಾಸಿನಲ್ಲಿ ನಾರಾಯಣಪುರದ ಇಬ್ಬರು ಹುಡುಗಿಯರಿದ್ದರು. ಕಸ್ತೂರಿ ಮತ್ತು ಸುಶೀಲಾ. ದಿನಾ ಊರಿಂದ ಜೋಡಿಯಾಗಿ ನಡೆದು ಬರುತ್ತಿದ್ದರು, ಜೋಡಿಯಾಗಿ ಹೋಗುತ್ತಿದ್ದರು. ಆ ಊರಿಂದ ಹೈಸ್ಕೂಲಿಗೆ ಆಗ ಬರುತ್ತಿದ್ದ ಹುಡುಗಿಯರು ಅವರಿಬ್ಬರೇ. ಕಸ್ತೂರಿಯ ಅಪ್ಪ ತುಕಾರಾಮ ಕೂಲಿ ಮಾಡುವವನು. ಮಗಳು ಓದಿನಲ್ಲಿ ಚುರುಕು, ಮಾತು ಕಡಿಮೆ. ಸುಶೀಲಾಳದು ಉಲ್ಟಾ: ಮಾತು ಸಂತೆಯಷ್ಟು, ಗಣಿತ ಸೊನ್ನೆ.

ಪಬ್ಲಿಕ್ ಪರೀಕ್ಷೆಗೆ ಫಾರ್ಮು ತುಂಬುವ ಕಾಲ. ನಮ್ಮ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಪೂರ್ವಭಾವಿ ಪರೀಕ್ಷೆಯಲ್ಲಿ ತೀರ ಹಿಂದುಳಿದವರ ಫಾರ್ಮನ್ನು ಹೆಡ್‌ಮಾಸ್ತರರು ತಡೆಹಿಡಿಯುತ್ತಿದ್ದರು, ಶಾಲೆಯ ರಿಸಲ್ಟು ಕೆಡಬಾರದೆಂದು. ಪಟ್ಟಿಯನ್ನು ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಓದುತ್ತಿದ್ದರು. ಆ ಸಲದ ಪಟ್ಟಿಯಲ್ಲಿ ಸುಶೀಲಾ ಇದ್ದಳು. ಕಸ್ತೂರಿಗೆ ಏನೂ ತೊಂದರೆ ಇರಲಿಲ್ಲ. ಫಾರ್ಮಿಗೆ ಅಪ್ಪನ ಹೆಬ್ಬೆಟ್ಟು ಒತ್ತಿಸಿ ತರುವುದೊಂದೇ ಬಾಕಿ. ಶನಿವಾರ ಕೊನೆಯ ದಿನ. ಗುರುವಾರವಾದರೂ ಅವಳ ಫಾರ್ಮು ಬರಲಿಲ್ಲ.

ಕರೆದೆ. ‘ನಾ ಪರೀಕ್ಷಾಕ್ಕ ಕೂಡಂಗಿಲ್ರಿ ಸರ್ರ’ ಎಂದಳು.

ಈ ವರ್ಷ ಬಿಟ್ಟರೆ ಇವಳು ಮತ್ತೆ ಈ ಮೆಟ್ಟಿಲು ಹತ್ತುವವಳಲ್ಲ, ಹೊಲದ ಕೆಲಸಕ್ಕೆ ಹೋದರೆ ಮುಗಿಯಿತು ಎಂದು ನನಗೆ ಗೊತ್ತಿತ್ತು. ಗಾಬರಿಯಲ್ಲಿ ಕಲಿತದ್ದೆಲ್ಲ ಮರೆತೆ. ‘ಯಾಕ’ ಎನ್ನಲಿಲ್ಲ, ಅಷ್ಟು ಪುಣ್ಯ. ಆದರೆ ಅದಕ್ಕಿಂತ ಕೆಟ್ಟದ್ದು ಮಾಡಿದೆ, ನನ್ನ ಕಥೆ ಹೇಳಿದೆ! ಕೊಹಿನೂರ, ಎರಡು ಎತ್ತು, ಹೈದರಾಬಾದಿನ ಆರು ಜನರ ಕೋಣೆ, ಡಿಗ್ರಿಯಿಂದ ನನಗೆ ಸಿಕ್ಕ ಮರ್ಯಾದೆ. ಅರ್ಧ ತಾಸು. ಅವಳು ನೆಲ ನೋಡುತ್ತ ನಿಂತು, ನಾನು ಉಸಿರು ತೆಗೆದುಕೊಂಡಾಗಲೆಲ್ಲ ‘ಹೌದ್ರಿ ಸರ್ರ’ ಎಂದಳು. ಒಪ್ಪಿದಳು ಎಂದು ನಾನು ಹಿಗ್ಗಿದೆ. ಶುಕ್ರವಾರ ಬೆಳಿಗ್ಗೆ ಫಾರ್ಮೂ ಇಲ್ಲ, ಅವಳೂ ಇಲ್ಲ. ಹೊಸ ಮಾಸ್ತರರೇ, ಇದನ್ನು ಬರೆದಿಟ್ಟುಕೊಳ್ಳಿ: ಈ ವಯಸ್ಸಿನವರ ‘ಹೌದ್ರಿ’ ಎಂದರೆ ಒಪ್ಪಿಗೆಯಲ್ಲ. ‘ನಿಮ್ಮ ಮಾತು ಮುಗೀತೇನ್ರಿ?’ ಎಂದು ಅರ್ಥ.

ಸ್ವಲ್ಪ ಹೊತ್ತಿಗೆ ತುಕಾರಾಮ ಬಂದ. ಹಿಂದೆಯೇ ಮಗಳು.

‘ಸರ್ರ, ನಾಕು ಏಟು ಹಾಕ್ರಿ ಇಕಿಗೆ. ನಾ ಏನೂ ಅನ್ನಂಗಿಲ್ಲ.’

ನನಗೆ ಆಶ್ಚರ್ಯ. ‘ನೀನೇ ಬಿಡಿಸಾಕತ್ತೀ ಅಂತ ಮಾಡಿದ್ದೆ ನಾ.’

‘ಏ, ನಾ ಯಾಕ ಬಿಡಸ್ಲಿ ರಿ? ಹೆಬ್ಬೆಟ್ಟು ತಯಾರದ.’ ಅವನು ಹೆಬ್ಬೆರಳು ಎತ್ತಿ ತೋರಿಸಿದ. ‘ಇಕಿನೇ ಒಲ್ಲೆ ಅಂತಾಳ. ಅವರವ್ವ ಅತ್ತು ಕರೆದು ಹೇಳಿದ್ಲು, ನಾ ಬೈದು ಹೇಳಿದೆ. ಬಂಡೆಗಲ್ಲು ಆಗ್ಯಾಳ್ರಿ.’

ಸ್ಟಾಫ್ ರೂಮಿನಲ್ಲಿ ಆಗಲೇ ಗುಸುಗುಸು ಎದ್ದಿತ್ತು. ಮದುವೆ ಇರಬೇಕು ಎಂದರು ಒಬ್ಬರು. ಯಾವನೋ ಚೀಟಿ ಬರೆದಿರಬೇಕು ಎಂದರು ಇನ್ನೊಬ್ಬರು. ಹೆಡ್‌ಮಾಸ್ತರರು ಇಣುಕಿ, ‘ಒಲ್ಲೆ ಅಂದ್ರ ಬರೆಸ್ಕೊಂಡು ಬಿಟ್ಟುಬಿಡ್ರಿ’ ಎಂದರು. ನಾನು ಸೈಕಲ್ ತೆಗೆದೆ. ಹತ್ತಲಿಲ್ಲ, ನೂಕುತ್ತ ನಡೆದೆ. ‘ನಡೀರಿ, ನಿಮ್ಮೂರ ತನಕ ನಾನೂ ಬರ್ತೀನಿ’ ಎಂದು ಅಪ್ಪ ಮಗಳ ಜೊತೆ ಹೊರಟೆ. ತುಕಾರಾಮನಿಗೆ ಕಣ್ಸನ್ನೆ ಮಾಡಿ ಮುಂದೆ ನಡೆಯುವಂತೆ ಹೇಳಿದೆ. ಅವಳು ಸೈಕಲ್ಲಿನ ಆ ಬದಿ, ನಾನು ಈ ಬದಿ. ಇಬ್ಬರ ಕಣ್ಣೂ ರಸ್ತೆಯ ಮೇಲೆ.

ಊರು ದಾಟಿದೆವು. ಆಮೇಲೆ ಕೇಳಿದೆ. ‘ಕಸ್ತೂರವ್ವಾ, ಪರೀಕ್ಷಾಕ್ಕ ಕೂಡಂಗಿಲ್ಲ ಅಂತ ಹ್ಯಾಂಗ ಠರಾಸಿದಿ, ಹ್ಯಾಂಗ ನಿರ್ಧಾರ ಮಾಡಿದಿ? ಆವಾಗ ನೀ ಎಲ್ಲಿದ್ದಿ?’

ಅವಳು ಕೈ ಎತ್ತಿ ಮುಂದಿನ ತಿರುವು ತೋರಿಸಿದಳು. ‘ಅಲ್ಲೇ ರಿ. ಆ ಬೇವಿನ ಗಿಡದ ಕೆಳಗ.’

‘ಹೌದಾ? ಹ್ಯಾಂಗಾಯ್ತು?’

‘ಅವತ್ತು ಲಿಸ್ಟ್ ಓದಿದ್ರಲ್ರಿ. ಸುಶೀಲಾ ಸಾಲ್ಯಾಗ ಅಳಲಿಲ್ಲ. ಎಲ್ಲಾರ ಮುಂದ ನಕ್ಕೋತ ಇದ್ಲು. ಹಾದ್ಯಾಗ ಒಂದೂ ಮಾತಾಡ್ಲಿಲ್ಲ. ಅಕಿ ಸುಮ್ನಿದ್ದದ್ದು ನಾ ನೋಡೇ ಇಲ್ರಿ ಸರ್ರ. ಅಂಜಿಕಿ ಬಂತು ನನಗ. ಗಿಡದ ಕೆಳಗ ಬಂದಾಗ ಅಕಿ, ನಾಳಿಂದ ನೀ ಒಬ್ಬಾಕೇ ಹೋಗ್ತಿ ಅಲಾ, ಅಂದ್ಲು. ನಾ ಅಂದೆ, ನೀ ಇಲ್ಲಂದ್ರ ನಾನೂ ಪರೀಕ್ಷಾಕ್ಕ ಕೂಡಂಗಿಲ್ಲ.’

‘ಆಮ್ಯಾಲ?’

‘ಆಮ್ಯಾಲೇನಿಲ್ರಿ. ಬಾಯಿಂದ ಬಂದುಬಿಡ್ತು. ಅಕಿ ನನ್ನ ಕೈ ಹಿಡ್ಕೊಂಡ್ಲು. ಮನಿ ಬರೂತನ ಬಿಡ್ಲಿಲ್ಲ.’ ಸ್ವಲ್ಪ ದೂರ ನಡೆದು ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡಳು. ‘ನನಗ ಪರೀಕ್ಷೆ ಬರೀಬೇಕದ ರಿ. ಭಾಳ ಬರೀಬೇಕದ. ಆದ್ರ ಆಡಿದ್ದ ಮಾತು ಹ್ಯಾಂಗ ವಾಪಸ್ ತಗೊಳ್ಳಲಿ?’

ನನಗೆ ಅಲ್ಲೇ ಕುಣಿಯಬೇಕೆನಿಸಿತು! ಮದುವೆಯಲ್ಲ, ಚೀಟಿಯಲ್ಲ, ಬಡತನವಲ್ಲ, ಮೊಂಡುತನವಂತೂ ಅಲ್ಲವೇ ಅಲ್ಲ. ಒಂದು ಮರದ ಕೆಳಗೆ, ಒಂದು ಉಸಿರಿನಲ್ಲಿ ಆಡಿದ ಮಾತು. ನಾವೆಲ್ಲ ಅವಳಿಗೆ ಹತ್ತು ವರ್ಷದಾಚೆಯ ಬದುಕು ತೋರಿಸುತ್ತಿದ್ದೆವು. ಅವಳ ಕಣ್ಣ ಮುಂದೆ ಇದ್ದದ್ದು ನಾಳೆ ಬೆಳಿಗ್ಗೆಯ ರಸ್ತೆ, ಅದರ ಮೇಲೆ ತಾನೊಬ್ಬಳೇ. ನಾವು ಬೈದಷ್ಟೂ, ಅತ್ತಷ್ಟೂ ಆ ಮಾತು ಇನ್ನೂ ಗಟ್ಟಿಯಾಗುತ್ತಿತ್ತು. ಅವಳಿಗೆ ಬುದ್ಧಿಮಾತು ಬೇಕಾಗಿರಲಿಲ್ಲ. ಗೆಳತಿಯ ಕಣ್ಣಲ್ಲಿ ಕೆಳಗಿಳಿಯದೆ ಆ ಮಾತಿನಿಂದ ಹೊರಬರಲು ಒಂದು ಬಾಗಿಲು ಬೇಕಾಗಿತ್ತು. ಆ ಬಾಗಿಲಿನ ಚಿಲಕ ಸುಶೀಲಾಳ ಕಡೆಗಿತ್ತು.

ಸುಶೀಲಾ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ನಾನು ವಿಷಯ ಹೇಳಿದ್ದೇ ತಡ, ಮೊರ ಅಲ್ಲೇ ಒಗೆದು ಕಸ್ತೂರಿಯ ಮೇಲೆ ಹರಿಹಾಯ್ದಳು.

‘ಏ ಹುಚ್ಚೀ, ನೀ ಖರೇನೇ ಫಾರ್ಮ್ ಕೊಟ್ಟಿಲ್ಲೇನ? ನನ್ನ ಸಮಾಧಾನಕ್ಕ ಅಂದಿ ಅಂತ ಮಾಡಿದ್ದೆ!’

‘ನೀ ಕೈ ಹಿಡ್ಕೊಂಡ್ಯಲ್ಲ.’

‘ಕೈ ಹಿಡ್ಕೊಂಡ್ರ ಫಾರ್ಮ್ ಹರೀಬೇಕೇನ? ಸರ್ರ, ಇಕಿಗೆ ಗಣಿತ ಬರ್ತದ, ಬುದ್ಧಿ ಬರಂಗಿಲ್ರಿ.’ ಎಂದವಳು, ಥಟ್ಟನೆ ನನ್ನ ಕಡೆ ಹೊರಳಿ, ‘ನನ್ನ ಫಾರ್ಮೂ ಕೊಡಸ್ರಿ ಸರ್ರ. ಫೇಲಾದ್ರ ಅಲ್ಲೇ ಆಗ್ತೀನಿ. ಇಲ್ಲೇ ಯಾಕ ಆಗ್ಲಿ?’ ಎಂದಳು.

ಸೈಕಲ್ ಹತ್ತಿ ಶಾಲೆಗೆ ಹಾರಿದೆ.

ಹೆಡ್‌ಮಾಸ್ತರರು ಹಳೇ ಕಾಲದ ಖಡಕ್ ಮನುಷ್ಯ. ಉರ್ದುವಿನಲ್ಲಿ ಓದಿದವರು, ಮೋಡಿ ಲಿಪಿಯಂತೆ ಸುತ್ತಿಕೊಂಡ ಸಹಿ. ಕನ್ನಡಕದ ಮೇಲಿಂದ ನೋಡಿ ಕೇಳಿದರು. ‘ತಡೆದ ಫಾರ್ಮ್ ನಾ ಯಾಕ ಕೊಡಬೇಕು?’

ನಂಬಿದರೆ ನಂಬಿ. ನಲವತ್ತು ದಾಟಿದ ನಾನು, ಬಿ.ಎಸ್ಸಿ., ಬಿ.ಇಡಿ., ಬೆನ್ನು ಬಿಗಿ ಹಿಡಿದು ನಿಂತುಬಿಟ್ಟೆ. ನಾಲಿಗೆಗೆ ಬಂದದ್ದು ಒಂದೇ ಪದ: ‘ಏನಿಲ್ರಿ.’ ಹದಿನೈದರ ಮಕ್ಕಳ ಸ್ಥಿತಿ ನನಗೆ ಮೈಯಲ್ಲಿ ತಿಳಿದದ್ದು ಆಗ. ಸಾವರಿಸಿಕೊಂಡು ಅಂದೆ, ‘ಯಾಕ ಅಂತ ಹೇಳಾಕ ಬರಂಗಿಲ್ರಿ ಸರ್. ಹ್ಯಾಂಗಾಯ್ತು ಅಂತ ಹೇಳ್ತೀನಿ.’ ಪಟ್ಟಿ, ನಗು, ರಸ್ತೆ, ಬೇವಿನ ಮರ, ಹಿಡಿದ ಕೈ, ಮೊರ, ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು.

‘ಆ ಪೋರಿ ನಗಾಕತ್ತಿದ್ಲು. ನಾ ನೋಡಿದ್ದೆ’ ಎಂದರು. ‘ನಾಚಿಕಿಗೆಟ್ಟಾಕಿ ಅಂತ ಮಾಡಿದ್ದೆ.’ ಪೆನ್ನು ಮುಚ್ಚಿಟ್ಟರು. ಕೊನೆಗೆ, ‘ಒಂದು ಷರತ್ತು, ಬಿ.ಎಸ್ಸಿ. ಸಾಹೇಬ್ರ. ಆ ಹುಡುಗಿ ಫೇಲಾದ್ರ, ಮುಂದ ಈ ತಡೆಯೋ ಪದ್ಧತಿ ಬಗ್ಗೆ ನೀವು ನನ್ನ ಮುಂದ ತುಟಿ ಬಿಚ್ಚಬಾರದು.’

ಒಪ್ಪಿದೆ. ಶನಿವಾರ ಎರಡು ಫಾರ್ಮು ಹೋದವು, ಒಂದರ ಮೇಲೆ ತುಕಾರಾಮನ ಹೆಬ್ಬೆಟ್ಟು ಎಷ್ಟು ಜೋರಾಗಿ ಬಿದ್ದಿತ್ತೆಂದರೆ ಮಸಿ ಹಿಂದಿನ ಪುಟಕ್ಕೂ ಮೂಡಿತ್ತು. ಆಮೇಲಿನ ದಿನಗಳು! ಶಾಲೆ ಬಿಟ್ಟ ಮೇಲೆ ವರಾಂಡದಲ್ಲಿ ಗಣಿತ. ನಾನು ಕಸ್ತೂರಿಗೆ ಹೇಳುವುದು, ಕಸ್ತೂರಿ ಸುಶೀಲಾಳಿಗೆ ಹೇಳುವುದು. ‘ಎಕ್ಸ್ ಅಂದ್ರ ಯಾರು?’ ‘ಗೊತ್ತಿಲ್ಲದಾಕಿ.’ ‘ಹಂಗಂದ್ರ ನಾನೇ!’ ಹೀಗೆ.

ರಿಸಲ್ಟು ಬಂತು. ಕಸ್ತೂರಿ ಫಸ್ಟ್ ಕ್ಲಾಸ್. ಸುಶೀಲಾ ಎಲ್ಲದರಲ್ಲೂ ಪಾಸು, ಗಣಿತದಲ್ಲಿ ಫೇಲು.

ಷರತ್ತು ಸೋತೆ. ಹೆಡ್‌ಮಾಸ್ತರರು ಕರೆದು, ‘ಇನ್ನ ತುಟಿ ಬಿಚ್ಚಬ್ಯಾಡ್ರಿ’ ಎಂದರು. ಬಿಚ್ಚಲಿಲ್ಲ. ಅವರು ನಿವೃತ್ತರಾಗುವ ತನಕ ಆ ಪಟ್ಟಿ ನಡೆಯಿತು. ಆದರೆ ಪ್ರಾರ್ಥನೆಯ ಹೊತ್ತಿಗೆ ಅದನ್ನು ಓದುವುದನ್ನು ಅವರು ಆ ವರ್ಷದಿಂದಲೇ ನಿಲ್ಲಿಸಿದರು. ಒಬ್ಬೊಬ್ಬರನ್ನೇ ಒಳಗೆ ಕರೆದು, ಕೂರಿಸಿ ಹೇಳುತ್ತಿದ್ದರು.

ನನ್ನ ಚಿಂತೆ ಬೇರೆಯಿತ್ತು. ಕಸ್ತೂರಿ ಪಿಯುಸಿಗೆ ಹುಮನಾಬಾದಿಗೆ ಹೋಗಬೇಕು, ಅಲ್ಲಿ ಅವಳ ಸೋದರಮಾವನ ಮನೆಯಿತ್ತು. ಈಗ ಮತ್ತೆ ಇವಳು ಒಬ್ಬಳೇ, ಅವಳು ಊರಲ್ಲೇ. ಮತ್ತೊಂದು ಮರದ ಕೆಳಗೆ ಮತ್ತೊಂದು ಮಾತು ಬಾಯಿಂದ ಬಂದರೆ? ಏನು ಕೇಳಬೇಕು, ಯಾರ ಪಕ್ಕದಲ್ಲಿ ಕೂರಬೇಕು, ಎಲ್ಲ ತಯಾರಿ ಮಾಡಿಕೊಂಡು ಭಾನುವಾರ ನಾರಾಯಣಪುರಕ್ಕೆ ಸೈಕಲ್ ತುಳಿದೆ. ಇಬ್ಬರೂ ಕಸ್ತೂರಿಯ ಮನೆ ಕಟ್ಟೆಯ ಮೇಲೆ ಕೂತು ಒಂದು ಟ್ರಂಕಿಗೆ ಸುಣ್ಣದಲ್ಲಿ ಹೆಸರು ಬರೆಯುತ್ತಿದ್ದರು.

‘ಬರ್ರಿ ಸರ್ರ, ಕೂಡ್ರಿ’ ಎಂದಳು ಸುಶೀಲಾ. ‘ಸ್ವಲ್ಪ ತಡೀರಿ, ಇದು ಒಣಗಲಿ.’

ನಾನು ಬಾಯಿ ತೆರೆದೆ. ‘ಅಲ್ಲಾ, ಹುಮನಾಬಾದಿನ ವಿಚಾರ...’

‘ಅದು ಠರಾಸಿ ಆಗ್ಯದ್ರಿ. ಎರಡು ದಿನ ವಿಚಾರ ಮಾಡಿದ್ವಿ’ ಎಂದಳು ಕಸ್ತೂರಿ. ಎರಡು ದಿನ! ಅವಳ ಬಾಯಲ್ಲಿ ‘ವಿಚಾರ’ ಎಂಬ ಪದ ಕೇಳಿ ನನಗೆ ರೋಮಾಂಚನವಾಯಿತು. ‘ನಾ ಸೋಮವಾರ ಹೋಗಿ ಶನಿವಾರ ಬರ್ತೀನಿ. ಭಾನುವಾರ ಇಕಿಗೆ ಗಣಿತ ಹೇಳ್ತೀನಿ. ಅಕ್ಟೋಬರ್‌ಕ ಇಕಿ ಮತ್ತ ಕೂಡ್ತಾಳ.’

‘ಅಂದ್ರ, ನಾ ಬಂದದ್ದು...’

‘ಛಲೋ ಆಯ್ತು ನೀವು ಬಂದದ್ದು’ ಎಂದಳು ಸುಶೀಲಾ. ‘ಈ ಟ್ರಂಕಿನ ಚಿಲಕ ಕೂಡವಲ್ದು. ನೀವು ಒಂದೀಟು ಮ್ಯಾಲ ಕೂಡ್ರಿ ಸರ್ರ, ನಿಮ್ಮ ಭಾರಕ್ಕ ಕೂಡ್ತದ.’

ಕೂತೆ. ಚಿಲಕ ಕೂಡಿತು.